ಬರಗಾಲದಲ್ಲಿ ಮೀನು ಹಿಡಿಯೋದಕ್ಕೆ ತಡೆ: ಯಾಕೆ, ಎಲ್ಲಿ, ಯಾರ ಖರ್ಚಲ್ಲಿ?

ಮೀನುಗಾರಿಕೆ ನಿಷೇಧ ಅಂದ ಕೂಡಲೇ ನಮಗೆ ನೆನಪಾಗೋದು ಕರಾವಳಿ. ಅಲ್ಲಿ ಜೂನ್–ಜುಲೈನ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಒಳನಾಡಿನ ನದಿ ಬರದಲ್ಲಿ ಬತ್ತಿದರೆ? 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. ಆ ವರ್ಷ ತುಂಗಭದ್ರಾ ಜಲಾಶಯದಲ್ಲಿ ನೀರಿಲ್ಲದೆ ಗಂಗಾವತಿ ಭಾಗದ ರೈತರಿಗೆ ಎರಡನೇ ಭತ್ತದ ಬೆಳೆ ಕೈತಪ್ಪಿತು. ಬೆಳೆ ಬಗ್ಗೆ ಬೇಕಾದಷ್ಟು ಚರ್ಚೆ ಕೇಳಿದೆ. ಮೀನಿನ ಬಗ್ಗೆ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ.

ಬರದಲ್ಲಿ ಮೀನಿಗೆ ಏನಾಗುತ್ತೆ?

ಹರಿವು ನಿಂತರೆ ನದಿ ತುಂಡು ತುಂಡಾಗಿ ಮಡುಗಳಾಗಿ ಉಳಿಯುತ್ತೆ. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದದ್ದು 30 ಡಿಗ್ರಿಯಲ್ಲಿ 7.5ಕ್ಕೆ ಇಳಿಯುತ್ತೆ. ಉಸಿರು ಕಟ್ಟಿದ ಮೀನುಗಳೆಲ್ಲ ಒಂದೇ ಮಡುವಿನಲ್ಲಿ ಸೇರಿರುವಾಗ ಒಂದು ಬಲೆ ಸಾಕು, ಗುಂಪೇ ಖಾಲಿ. ರೋಹು, ಮೃಗಾಲದಂಥ ಮೀನು ಮೊಟ್ಟೆ ಇಡೋದು ಮಳೆಗಾಲದ ಪ್ರವಾಹದಲ್ಲಿ. ಅಂದರೆ ಮೇ ತಿಂಗಳ ಮಡುವಿನಲ್ಲಿ ಇರೋದು ಮುಂದಿನ ವರ್ಷಗಳ ಬಿತ್ತನೆ ಬೀಜ.

ಎಲ್ಲ ಕಡೆ ಒಂದೇ ನಿಯಮ ಬೇಕಾ?

ಬೇಡ. ಕುಷ್ಟಗಿ, ಯಲಬುರ್ಗಾ ಒಣ ತಾಲ್ಲೂಕುಗಳು. ಅಲ್ಲಿ ಮೀನು ಅಂದರೆ ಹೆಚ್ಚಾಗಿ ಕೆರೆಗೆ ಬಿಟ್ಟ ಮರಿ ಬೆಳೆದದ್ದು. ಕೆರೆ ಪೂರ್ತಿ ಬತ್ತುವ ಮೊದಲು ಹಿಡಿದು ಮಾರುವುದೇ ಸರಿ, ಮಳೆ ಬಂದಮೇಲೆ ಮತ್ತೆ ಮರಿ ಬಿಡಬಹುದು. ಕೊಪ್ಪಳ, ಗಂಗಾವತಿ ತಾಲ್ಲೂಕುಗಳ ಅಂಚಿನಲ್ಲಿ ಹರಿಯುವ ತುಂಗಭದ್ರೆಯ ಕಥೆ ಬೇರೆ. ನದಿಯ ಮೂಲ ಸಂತತಿ ಹೋದರೆ ಹೋಯಿತು. ತಡೆ ಬೇಕಿರೋದು ಈ ಮಡುಗಳಿಗೆ.

ಕಾನೂನು ಇದೆಯಾ?

ಇದೆ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧ ಎಂದಿತ್ತು. ರಾಜ್ಯಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. 2015ರಲ್ಲಿ ಜಲಾಶಯದ ಕೆಳಗಿನಿಂದ ಕಂಪ್ಲಿವರೆಗಿನ ಸುಮಾರು 34 ಕಿಲೋಮೀಟರ್ ನದಿಯನ್ನು ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಲಾಯಿತು. ನೀರುನಾಯಿಯ ಊಟವೇ ಮೀನು. ಮೀನು ಉಳಿಸದೆ ಅದನ್ನು ಉಳಿಸೋದು ಹೇಗೆ?

ಒಂದು ತೊಡಕಿದೆ. ಇಂಥ ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ಯಾರಿರಬೇಕು ಅಂತ ವನ್ಯಜೀವಿ ಕಾಯ್ದೆಯ 36ಬಿ ಹೇಳುತ್ತೆ: ಅರಣ್ಯ ಇಲಾಖೆ, ಗ್ರಾಮ ಪಂಚಾಯಿತಿಗಳು, ಸ್ವಯಂಸೇವಾ ಸಂಸ್ಥೆಗಳು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆ. ಮೀನುಗಾರರಿಗೆ ಅಂತ ಒಂದು ಕುರ್ಚಿ ಆ ಪಟ್ಟಿಯಲ್ಲಿಲ್ಲ.

ಖರ್ಚು ಯಾರದು?

ನದಿಗೆ ಎಷ್ಟು ನೀರು ಬಿಡಬೇಕು ಅಂತ ತೀರ್ಮಾನಿಸೋದು ಹರಿಗೋಲು ಹಾಕುವವನಲ್ಲ. ಅದು ತುಂಗಭದ್ರಾ ಮಂಡಳಿ, ನೀರಾವರಿ ಸಲಹಾ ಸಮಿತಿಗಳ ಕೆಲಸ. ನೀರು ಹಂಚುವವರು ಬೇರೆ, ಬಲೆ ಮಡಚಬೇಕಾದವನು ಬೇರೆ ಅಂದರೆ ಅದು ಅನ್ಯಾಯ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ನಿಷೇಧದ ಅವಧಿಗೆ ನೆರವು ಇದೆ: ಮೀನುಗಾರ ಕಟ್ಟುವ 1,500 ರೂಪಾಯಿಗೆ ಸರ್ಕಾರದ 3,000 ಸೇರಿಸಿ ತಿಂಗಳಿಗೆ 1,500ರಂತೆ ಮೂರು ತಿಂಗಳು. ಒಂದು ಮನೆ ನಡೆಸೋಕೆ ಇದು ಸಾಕಾ? ನೀವೇ ಲೆಕ್ಕ ಹಾಕಿ.

ಹಾಗಾದ್ರೆ ಏನು ಮಾಡಬೇಕು?

ಅಮೆರಿಕದ ಮೊಂಟಾನಾದಲ್ಲಿ ನದಿ ನೀರು ಸತತ ಮೂರು ದಿನ ಸುಮಾರು 23 ಡಿಗ್ರಿ ಮುಟ್ಟಿದರೆ ಮಧ್ಯಾಹ್ನ 2ರಿಂದ ಮಧ್ಯರಾತ್ರಿವರೆಗೆ ಗಾಳ ಹಾಕುವಂತಿಲ್ಲ. ಅದು ತಣ್ಣೀರಿನ ಮೀನಿನ ಅಳತೆ, ನಮಗೆ ಹೊಂದಲ್ಲ. ಆದರೆ ಇಂಜಿನಿಯರಿಂಗ್ ಓದಿದ ನನಗೆ ಅದರ ತರ್ಕ ಇಷ್ಟ: ಅಳತೆ ಮೊದಲೇ ಗೊತ್ತು, ಮುಟ್ಟಿದರೆ ತಡೆ, ಇಳಿದರೆ ತೆರವು. ಇಲ್ಲೂ ಹರಿವು ಇಂತಿಷ್ಟಕ್ಕೆ ಇಳಿದರೆ ಗುರುತಿಸಿದ ಮಡುಗಳಲ್ಲಿ ಮಾತ್ರ ಬಲೆ ಬೇಡ ಅನ್ನಬಹುದು. ಮಡು ಯಾವುದು ಅಂತ ಮೀನುಗಾರರನ್ನೇ ಕೇಳಬೇಕು. ಪರಿಹಾರ ಆದೇಶದ ದಿನವೇ ಖಾತೆಗೆ ಬರಬೇಕು. ಮುಂದಿನ ನೀರಾವರಿ ಸಲಹಾ ಸಮಿತಿ ಸಭೆಗೆ ಮುಂಚೆ ನಿಮ್ಮ ಶಾಸಕರನ್ನು ಕೇಳಿ: ಕಾಲುವೆಗೆ ಎಷ್ಟು ಅನ್ನೋದು ಗೊತ್ತು, ನದಿಗೆ ಎಷ್ಟು?