ಬಾಲ್ಯದ ಲ್ಯುಕೇಮಿಯಾದಿಂದ ಗುಣವಾದವರ ಮುಂದಿನ ಆರೋಗ್ಯ: ಚಿಕಿತ್ಸೆಯ ಇಸವಿ ಮತ್ತು ಚಿಕಿತ್ಸೆಯ ಪ್ರಮಾಣ

ಬಾಲ್ಯದಲ್ಲಿ ಕ್ಯಾನ್ಸರ್ ಬಂದು ಗುಣವಾದವರ ಬಗ್ಗೆ ಬರೆಯುವವರು ಒಂದು ಅಂಕಿಯನ್ನು ತಪ್ಪದೆ ಉದ್ಧರಿಸುತ್ತಾರೆ. ಕೆವಿನ್ ಓಫಿಂಗರ್ ಮತ್ತು ಸಂಗಡಿಗರು 2006ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರೋಗ ಪತ್ತೆಯಾಗಿ 30 ವರ್ಷವಾಗುವ ಹೊತ್ತಿಗೆ ಇವರಲ್ಲಿ ಶೇ. 73.4ರಷ್ಟು ಮಂದಿಗೆ ಒಂದಾದರೂ ದೀರ್ಘಕಾಲದ ಕಾಯಿಲೆ ಅಂಟಿಕೊಂಡಿರುತ್ತದೆ, ಶೇ. 42.4ರಷ್ಟು ಮಂದಿಯಲ್ಲಿ ಅದು ತೀವ್ರವಾದದ್ದು ಅಥವಾ ಪ್ರಾಣಕ್ಕೇ ಎರವಾದದ್ದು. ಅಂಕಿಯ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಓದುವ ಕ್ರಮದ ಬಗ್ಗೆ ಇದೆ. ಲ್ಯುಕೇಮಿಯಾ ಗೆದ್ದ ಪ್ರತಿ ಮಗುವಿನ ಹಣೆಬರಹವೇ ಇದು ಎಂದು ಕೆಲವರು ಓದುತ್ತಾರೆ. ಅದೆಲ್ಲ ಎಪ್ಪತ್ತು ಎಂಬತ್ತರ ದಶಕದ ಕಥೆ, ಈಗ ಚಿಕಿತ್ಸೆ ಬದಲಾಗಿದೆ ಎಂದು ಬದಿಗೆ ಸರಿಸುವವರೂ ಇದ್ದಾರೆ. ಇಬ್ಬರಲ್ಲಿ ಯಾರನ್ನು ಒಪ್ಪಿದರೂ ಭಾರತದ ರೋಗಿಗಳ ವಿಷಯದಲ್ಲಿ ದಾರಿ ತಪ್ಪುತ್ತೇವೆ ಎಂಬುದು ಈ ಲೇಖನದ ವಾದ.

ಹಿನ್ನೆಲೆಯಲ್ಲಿ ವಿವಾದವಿಲ್ಲ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್, ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ತಯಾರಿಸಿಕೊಟ್ಟ ಅಮಿನಾಪ್ಟೆರಿನ್ ಬಳಸಿ 16 ಮಕ್ಕಳಲ್ಲಿ 10 ಮಂದಿಗೆ ತಾತ್ಕಾಲಿಕ ಉಪಶಮನ ದೊರಕಿದ್ದನ್ನು ವರದಿ ಮಾಡಿದರು. ಮದ್ದು ತಲುಪದ ಮೆದುಳಿನ ಪೊರೆಗಳಲ್ಲಿ ಅವಿತ ಕ್ಯಾನ್ಸರ್ ಕೋಶಗಳಿಂದ ರೋಗ ಮರುಕಳಿಸುತ್ತಿತ್ತು. ಅರವತ್ತರ ದಶಕದ ಕೊನೆಯಲ್ಲಿ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ತಲೆಗೆ 24 ಗ್ರೇ ವಿಕಿರಣ ಕೊಟ್ಟು, ಬೆನ್ನುಹುರಿಯ ದ್ರವಕ್ಕೆ ಮೆಥೊಟ್ರೆಕ್ಸೇಟ್ ಚುಚ್ಚಿ, ಸುಮಾರು ಅರ್ಧದಷ್ಟು ಮಕ್ಕಳನ್ನು ಪೂರ್ತಿ ಗುಣಪಡಿಸಿದರು. ವಿಕಿರಣವನ್ನು ಮುಂದೆ 18 ಗ್ರೇಗೆ ಇಳಿಸಲಾಯಿತು. 2009ರಲ್ಲಿ ಚಿಂಗ್-ಹೊನ್ ಪುಯಿ ಮತ್ತು ಸಂಗಡಿಗರು ಅದನ್ನು ಕೈಬಿಟ್ಟೇ 498 ಮಕ್ಕಳಿಗೆ ಚಿಕಿತ್ಸೆ ಕೊಟ್ಟ ಫಲಿತಾಂಶ ಪ್ರಕಟಿಸಿದರು: ಐದು ವರ್ಷದ ಬದುಕುಳಿಯುವಿಕೆ ಶೇ. 93.5.

ಈಗ ವಿವಾದದ ಜಾಗಕ್ಕೆ ಬರೋಣ. ಓಫಿಂಗರ್ ಅಧ್ಯಯನದ 10,397 ಮಂದಿ 1970ರಿಂದ 1986ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ರೋಗ ಪತ್ತೆಯಾದವರು. ಅವರಲ್ಲಿ ಲ್ಯುಕೇಮಿಯಾದವರ ಜೊತೆಗೆ ಹಾಡ್ಜ್‌ಕಿನ್ ಕಾಯಿಲೆ, ಮೂಳೆಯ ಗೆಡ್ಡೆ, ಮೆದುಳಿನ ಗೆಡ್ಡೆಯಿಂದ ಗುಣವಾದವರೂ ಇದ್ದರು. ಅತಿ ಹೆಚ್ಚು ಅಪಾಯ ಕಂಡದ್ದು ಈ ಮೂರು ಗುಂಪುಗಳಲ್ಲೇ. ಹಾಗಾಗಿ ಶೇ. 73.4 ಲ್ಯುಕೇಮಿಯಾದ ಅಂಕಿಯಲ್ಲ. ಲ್ಯುಕೇಮಿಯಾವನ್ನೇ ಬೇರೆಯಾಗಿ ನೋಡಿದ ಪುಯಿ ಅವರ 2003ರ ಅಧ್ಯಯನದ ಚಿತ್ರ ಬೇರೆಯೇ ಇದೆ. ಹತ್ತು ವರ್ಷ ರೋಗ ಮರುಕಳಿಸದೆ ಉಳಿದ 856 ಮಂದಿಯಲ್ಲಿ, ವಿಕಿರಣ ಪಡೆದವರಿಗೆ ಮುಂದಿನ 20 ವರ್ಷಗಳಲ್ಲಿ ಎರಡನೆಯ ಗೆಡ್ಡೆ ಬರುವ ಸಂಭವ ಶೇ. 20.9, ಪಡೆಯದವರಲ್ಲಿ ಶೇ. 0.95. ವಿಕಿರಣ ಪಡೆಯದ 259 ಮಂದಿಯ ಮರಣ ಪ್ರಮಾಣ ಸಾಮಾನ್ಯ ಜನರಿಗಿಂತ ಹೆಚ್ಚಿರಲಿಲ್ಲ.

‘ಹಳೆಯ ಕಥೆ’ ಎನ್ನುವವರು ತಮ್ಮ ಬೆಂಬಲಕ್ಕೆ ತರುವುದು ಗ್ರೆಗರಿ ಆರ್ಮ್‌ಸ್ಟ್ರಾಂಗ್ ಅವರ 2016ರ ಲೇಖನ. 34,033 ಮಂದಿಯ ಆ ಅಧ್ಯಯನದಲ್ಲಿ ಐದು ವರ್ಷ ದಾಟಿದವರ 15 ವರ್ಷದ ಮರಣ ಪ್ರಮಾಣ ಎಪ್ಪತ್ತರ ದಶಕದ ಆರಂಭದಲ್ಲಿದ್ದ ಶೇ. 12.4ರಿಂದ ತೊಂಬತ್ತರ ದಶಕದಲ್ಲಿ ಶೇ. 6.0ಕ್ಕೆ ಇಳಿದಿತ್ತು. ಆದರೆ ಅದೇ ಲೇಖನದ ಒಳಗೆ, ಉದ್ಧರಣೆಗೆ ಅಷ್ಟಾಗಿ ಬಾರದ ಒಂದು ಲೆಕ್ಕವಿದೆ. ಮಕ್ಕಳ ಲ್ಯುಕೇಮಿಯಾದ ಸಾಮಾನ್ಯ ಬಗೆಯಾದ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಲ್ಲಿ, ಆರೋಗ್ಯ ಸಂಬಂಧಿ ಕಾರಣಗಳ ಸಾವಿನ ದರ ಪ್ರತಿ ಐದು ವರ್ಷದ ಅವಧಿಗೆ ಹಿಂದಿನದರ 0.88ರಷ್ಟಕ್ಕೆ ಇಳಿಯುತ್ತಿತ್ತು. ಆದರೆ ಕೊಟ್ಟ ಚಿಕಿತ್ಸೆಯ ವಿವರವನ್ನು ಲೆಕ್ಕಕ್ಕೆ ಸೇರಿಸಿದೊಡನೆ ಆ ಅಂಕಿ 1.02 ಆಯಿತು, ಅಂದರೆ ಇಳಿಕೆ ಮಾಯವಾಯಿತು. ಹಾಡ್ಜ್‌ಕಿನ್ ಕಾಯಿಲೆಯಲ್ಲಿ ಹೀಗಾಗಲಿಲ್ಲ. ನನ್ನ ಓದಿನಲ್ಲಿ ಇದರ ಅರ್ಥ ಸ್ಪಷ್ಟ: ಲ್ಯುಕೇಮಿಯಾದ ಮಟ್ಟಿಗೆ ಕಾಲ ಸರಿದದ್ದರಿಂದ ಯಾರಿಗೂ ಲಾಭವಾಗಲಿಲ್ಲ, ಕಡಿಮೆಯಾದ ವಿಕಿರಣ ಮತ್ತು ಮದ್ದಿನ ಪ್ರಮಾಣದಿಂದ ಆಯಿತು. ಚಿಕಿತ್ಸೆಯ ಇಸವಿ ಪ್ರಮಾಣದ ಪ್ರತಿನಿಧಿ ಮಾತ್ರ, ಅದೂ ಅಮೆರಿಕ ಮತ್ತು ಕೆನಡಾದ ಮಟ್ಟಿಗೆ.

ಭಾರತದಲ್ಲಿ ಆ ಪ್ರಾತಿನಿಧ್ಯ ಮುರಿದುಬೀಳುತ್ತದೆ. ಮುಂಬೈ, ಚೆನ್ನೈ ಮತ್ತು ದೆಹಲಿಯ ಕೇಂದ್ರಗಳು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಯಾನ್ ಮ್ಯಾಗ್ರತ್ ಅವರೊಡನೆ ಎಂಬತ್ತರ ದಶಕದಲ್ಲಿ ರೂಪಿಸಿದ ಎಂಸಿಪಿ-841 ವಿಧಾನದಲ್ಲಿ ತಲೆಗೆ ವಿಕಿರಣ ನಿಯತ ಭಾಗವಾಗಿತ್ತು. ಆ ವಿಧಾನ ಇಲ್ಲಿ ಸಾವಿರಾರು ಮಕ್ಕಳನ್ನು ಉಳಿಸಿತು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮರುಕಳಿಕೆಯೂ ಸೋಂಕೂ ಎದುರಿಗೆ ನಿಂತಾಗ ವೈದ್ಯರು ಮಾಡಿದ ಆಯ್ಕೆ ಸರಿಯಾಗಿಯೇ ಇತ್ತು. ಆದರೆ ಅದು ಹೊಸ ಶತಮಾನಕ್ಕೂ ದಾಟಿಬಂದು ಬಳಕೆಯಲ್ಲಿತ್ತು. ಆದ್ದರಿಂದ 2002ರಲ್ಲಿ ಆ ವಿಧಾನದಲ್ಲಿ ಗುಣವಾದ ಹುಡುಗಿಯ ಸಮಕಾಲೀನರು, ಚಿಕಿತ್ಸೆಯ ದೃಷ್ಟಿಯಿಂದ, ಅದೇ ವರ್ಷ ಮೆಂಫಿಸ್‌ನಲ್ಲಿ ವಿಕಿರಣವಿಲ್ಲದೆ ಗುಣವಾದ ಮಕ್ಕಳಲ್ಲ. ಎಂಬತ್ತರ ದಶಕದ ಅಮೆರಿಕದ ಮಕ್ಕಳು. ಬೆಳವಣಿಗೆಯ ಹಾರ್ಮೋನಿನ ಕೊರತೆ, ಬೊಜ್ಜು, ಮೆದುಳಿನ ಪೊರೆಯ ಗೆಡ್ಡೆ ಇವೆಲ್ಲ ತಲೆಗೆ ಪಡೆದ ವಿಕಿರಣದಿಂದಾಗಿ ಆಕೆಯ ಮಟ್ಟಿಗೆ ಮುಂದೆ ಬರಬಹುದಾದ ಸಂಗತಿಗಳು.

ಹೃದಯದ ವಿಷಯ ಇನ್ನೂ ಸೂಕ್ಷ್ಮ. ಸ್ಟೀವನ್ ಲಿಪ್‌ಶುಲ್ಟ್ಸ್ 1991ರಲ್ಲಿ ತೋರಿಸಿದಂತೆ, ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಮದ್ದು ಪಡೆದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಹೃದಯದ ಕೆಲಸದಲ್ಲಿ ವರ್ಷಗಳ ನಂತರ ದೋಷ ಕಂಡಿತು. ಔಷಧಿ ಹೃದಯದ ಸ್ನಾಯುಕೋಶಗಳನ್ನು ಕೊಲ್ಲುತ್ತದೆ. ಮಗು ಎತ್ತರವಾಗುತ್ತ ಹೋದರೂ ಉಳಿದ ಕೋಶಗಳು ಅದಕ್ಕೆ ತಕ್ಕಂತೆ ಗೋಡೆಯನ್ನು ದಪ್ಪ ಮಾಡಲಾರವು. ತೆಳು ಗೋಡೆಯ ಹೃದಯ ಎಳೆಯ ವಯಸ್ಸಿನಲ್ಲಿ ಹೇಗೋ ನಿಭಾಯಿಸುತ್ತದೆ. ಬಸಿರು, ಬಾಣಂತನದಂಥ ಹೊರೆ ಬಿದ್ದಾಗ ಸೋಲಬಹುದು. ಇದೇ ತಂಡದ ಮುಂದಿನ ಅಧ್ಯಯನದಲ್ಲಿ ಹೆಣ್ಣುಮಕ್ಕಳಿಗೆ ಅಪಾಯ ಹೆಚ್ಚೆಂದು ಕಂಡಿದೆ. ಹೆರಿಗೆ ಆಸ್ಪತ್ರೆಯ ವೈದ್ಯರಿಗೆ ಆಕೆ ಬಾಲ್ಯದಲ್ಲಿ ಯಾವ ಮದ್ದು ಎಷ್ಟು ಪಡೆದಳು ಎಂಬುದು ತಿಳಿಯದಿದ್ದರೆ, ಎಕೋ ಮಾಡಿಸಬೇಕೆಂಬ ಯೋಚನೆಯೇ ಅವರಿಗೆ ಹೊಳೆಯುವುದಿಲ್ಲ.

ನನ್ನ ವಾದಕ್ಕೆ ಮಿತಿಗಳಿವೆ. ಪುಯಿ ಅವರ ಎರಡು ಗುಂಪುಗಳನ್ನು ಚೀಟಿ ಎತ್ತಿ ಹಂಚಿದ್ದಲ್ಲ; ವಿಕಿರಣ ಪಡೆದವರಲ್ಲಿ ರೋಗದ ತೀವ್ರತೆಯೂ ಹೆಚ್ಚಿದ್ದಿರಬಹುದು. ಆರ್ಮ್‌ಸ್ಟ್ರಾಂಗ್ ಅವರ 1.02 ಒಂದು ಅಂಕಿಅಂಶದ ಮಾದರಿಯ ಫಲ. ಅದು ಸಾವನ್ನು ಅಳೆಯುತ್ತದೆ, ದಿನನಿತ್ಯದ ನರಳಾಟವನ್ನಲ್ಲ. ವಿಕಿರಣ ಬಿಟ್ಟ ಮಾತ್ರಕ್ಕೆ ಮೆದುಳು ಪೂರ್ತಿ ಪಾರಾಗುವುದಿಲ್ಲ: ಮೆಥೊಟ್ರೆಕ್ಸೇಟ್ ಹೆಚ್ಚು ಪಡೆದವರಲ್ಲಿ ಗಮನ ಮತ್ತು ಯೋಜನಾ ಸಾಮರ್ಥ್ಯದ ತೊಂದರೆಗಳನ್ನು ಕೆವಿನ್ ಕ್ರುಲ್ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಅಳೆಯುವ ಬಗೆಯೂ ಮುಖ್ಯ. ಓಫಿಂಗರ್ ತಂಡ ಪ್ರಶ್ನಾವಳಿ ಕಳಿಸಿ ಕೇಳಿತ್ತು. ಮೆಲಿಸ್ಸಾ ಹಡ್ಸನ್ ತಂಡ 1,713 ಮಂದಿಯನ್ನು ಆಸ್ಪತ್ರೆಗೆ ಕರೆಸಿ ಪರೀಕ್ಷಿಸಿ, 45ನೆಯ ವಯಸ್ಸಿಗೆ ಶೇ. 95.5ರಷ್ಟು ಮಂದಿಗೆ ಯಾವುದಾದರೂ ಕಾಯಿಲೆ ಇರುತ್ತದೆಂದು 2013ರಲ್ಲಿ ಅಂದಾಜಿಸಿತು. ಹಾಗೆ ಹುಡುಕಿದ್ದಕ್ಕೇ ಸಿಕ್ಕ, ರೋಗಿಗೆ ಅರಿವೇ ಇಲ್ಲದ ತೊಂದರೆಗಳು ಅದರಲ್ಲಿ ಸೇರಿವೆ. ಭಾರತದ ಮಟ್ಟಿಗೆ ಇನ್ನೂ ದೊಡ್ಡ ತೊಡಕಿದೆ: ಫಾಲೋಅಪ್‌ಗೆ ಬರುವವರು ಯಾರು, ಬಿಟ್ಟುಹೋಗುವವರು ಯಾರು? ಊರು ದೂರ, ಖರ್ಚು ಹೆಚ್ಚು, ಮಗಳ ಮದುವೆಗೆ ಅಡ್ಡಿಯಾದೀತೆಂಬ ಹೆದರಿಕೆ ಬೇರೆ. ಮರಳಿ ಬರುವವರ ಆರೋಗ್ಯವನ್ನು ಅಳೆದು ಎಲ್ಲರ ಆರೋಗ್ಯ ಇದೇ ಎನ್ನಲಾಗದು.

ಹೀಗಾಗಿ ಇಲ್ಲಿ ಗುಣವಾದವರ ಅಪಾಯ ಎಷ್ಟೆಂದು ನಾನು ಹೇಳುತ್ತಿಲ್ಲ. ಅದನ್ನು ಯಾವುದರ ಪ್ರಕಾರ ವಿಂಗಡಿಸಬೇಕೆಂದಷ್ಟೇ ಹೇಳುತ್ತಿದ್ದೇನೆ. ಪೌಷ್ಟಿಕತೆಯ ಕೊರತೆ ಅಥವಾ ನಮ್ಮ ಜನರಲ್ಲಿ ಬೇಗನೆ ಕಾಣುವ ಮಧುಮೇಹ ಈ ಅಪಾಯವನ್ನು ಎಷ್ಟು ಹೆಚ್ಚಿಸುತ್ತದೆ ಎಂಬ ಪ್ರಶ್ನೆ ತೆರೆದೇ ಇದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಚಿಕಿತ್ಸೆ ಮುಗಿದವರಿಗೆಂದೇ 1991ರಿಂದ ಪ್ರತ್ಯೇಕ ಕ್ಲಿನಿಕ್ ನಡೆಸುತ್ತಿದೆ. ಅಂಥ ಕಡೆ ಈ ಪ್ರಶ್ನೆಗೆ ಉತ್ತರ ಹುಡುಕಬಹುದು. ಕರ್ನಾಟಕದಲ್ಲಿ ಮಕ್ಕಳ ಕ್ಯಾನ್ಸರಿಗೆ ಚಿಕಿತ್ಸೆ ಕೊಡುವ ಪ್ರತಿ ಆಸ್ಪತ್ರೆಯೂ ಡಿಸ್ಚಾರ್ಜ್ ಸಮರಿಯಲ್ಲಿ ಎರಡು ಸಾಲು ಕಡ್ಡಾಯವಾಗಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ: ತಲೆಗೆ ಕೊಟ್ಟ ವಿಕಿರಣ ಒಟ್ಟು ಎಷ್ಟು ಗ್ರೇ, ಹೃದಯಕ್ಕೆ ಹಾನಿ ಮಾಡಬಲ್ಲ ಡಾನೊರುಬಿಸಿನ್ ಮತ್ತು ಡಾಕ್ಸೊರುಬಿಸಿನ್ ಒಟ್ಟು ಎಷ್ಟು ಮಿಲಿಗ್ರಾಂ. ಅದರ ಒಂದು ಪ್ರತಿ ಮಗುವಿನ ತಂದೆತಾಯಿಯ ಕೈಯಲ್ಲಿರಬೇಕು, ಕನ್ನಡದಲ್ಲಿರಬೇಕು.