ಬಡಗಿಯ ಮನೆಯೊಳಗಿನ ದುರಂತ

ಜರ್ಮನ್ ದುರಂತ ನಾಟಕಕಾರ ಫ್ರೀಡ್ರಿಶ್ ಹೆಬ್ಬೆಲ್ 1813ರಲ್ಲಿ, ಆಗ ಡೆನ್ಮಾರ್ಕಿನ ದೊರೆಯ ಆಳ್ವಿಕೆಯಲ್ಲಿದ್ದ ಹೋಲ್‌ಸ್ಟೈನ್ ಸೀಮೆಯ ವೆಸೆಲ್‌ಬುರೆನ್‌ನಲ್ಲಿ, ಬಡ ಗಾರೆ ಕೆಲಸದವನೊಬ್ಬನ ಮಗನಾಗಿ ಹುಟ್ಟಿದನು. ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು, ಊರಿನ ಅಧಿಕಾರಿಯ ಬಳಿ ಗುಮಾಸ್ತನಾಗಿ ಆಳುಗಳೊಡನೆ ಉಂಡು ಮಲಗಿ ಬೆಳೆದ ಅವನು ಆ ಅವಮಾನವನ್ನು ಕೊನೆಯವರೆಗೂ ಮರೆಯಲಿಲ್ಲ. 1835ರಲ್ಲಿ ಹ್ಯಾಂಬರ್ಗಿಗೆ ಬಂದಾಗ ಅವನಿಗೆ ಆಸರೆಯಾದವಳು, ಹೊಲಿಗೆಯಿಂದ ಜೀವನ ಸಾಗಿಸುತ್ತಿದ್ದ ಎಲೀಸ್ ಲೆನ್ಸಿಂಗ್. ಮ್ಯೂನಿಕ್‌ನಲ್ಲಿ ಅವನು ಕಳೆದ ಓದಿನ ವರ್ಷಗಳಿಗೂ ಅವಳ ಗಳಿಕೆಯೇ ಊರುಗೋಲಾಯಿತು.

1840ರಲ್ಲಿ ಬರ್ಲಿನ್‌ನಲ್ಲಿ ರಂಗಕ್ಕೆ ಬಂದ ‘ಯೂಡಿತ್’ ಅವನಿಗೆ ಹೆಸರು ತಂದಿತಾದರೂ, ಅವನ ನಿಜವಾದ ಹೊಸತನ ಕಾಣುವುದು 1844ರಲ್ಲಿ ಪ್ರಕಟವಾದ ‘ಮರಿಯಾ ಮಗ್ದಲೇನ’ದಲ್ಲಿ. ರಾಜರಾಣಿಯರ ಬದಲು ಸಾಮಾನ್ಯ ಗೃಹಸ್ಥರನ್ನು ಕೇಂದ್ರದಲ್ಲಿಡುವ ಮಧ್ಯಮವರ್ಗದ ದುರಂತ ನಾಟಕವನ್ನು ಲೆಸ್ಸಿಂಗ್ ಮತ್ತು ಶಿಲ್ಲರ್ ಆಗಲೇ ಬೆಳೆಸಿದ್ದರು. ಆದರೆ ಅವರಲ್ಲಿ ಕೇಡು ಬರುತ್ತಿದ್ದುದು ಬಹುಮಟ್ಟಿಗೆ ಅರಮನೆಯ ಕಡೆಯಿಂದ. ಹೆಬ್ಬೆಲ್ ಆ ಸುಲಭದ ದಾರಿಯನ್ನು ಮುಚ್ಚಿಬಿಟ್ಟನು. ಮ್ಯೂನಿಕ್‌ನಲ್ಲಿ ತಾನು ಬಾಡಿಗೆಗಿದ್ದ ಬಡಗಿಯ ಮನೆಯ ನೆನಪಿನಿಂದ ಅವನು ರೂಪಿಸಿದ ಮೇಸ್ತ್ರಿ ಆಂಟೋನ್ ಪ್ರಾಮಾಣಿಕ, ದುಡಿಮೆಗಾರ, ಮರ್ಯಾದೆಗೆ ಪ್ರಾಣ ಬಿಡುವವನು. ಮಗನ ಮೇಲೆ ಕಳವಿನ ಸುಳ್ಳು ಆರೋಪ ಬಂದಾಗ ಆಘಾತದಿಂದ ತಾಯಿ ಸಾಯುತ್ತಾಳೆ. ತನಗೆ ಕಳಂಕ ತರುವುದಿಲ್ಲವೆಂದು ತಂದೆ ಮಗಳು ಕ್ಲಾರಾಳಿಂದ ಆಣೆ ಮಾಡಿಸಿಕೊಳ್ಳುವ ಹೊತ್ತಿಗೆ, ತೊರೆದುಹೋಗಲಿರುವ ನಿಶ್ಚಿತ ವರನಿಂದ ಅವಳು ಬಸಿರಾಗಿರುತ್ತಾಳೆ. ಅವಳನ್ನು ಪ್ರೀತಿಸುವ ಬಾಲ್ಯದ ಗೆಳೆಯನೂ ಆ ಮಾತು ಕೇಳಿ ಹಿಂದೆಗೆಯುತ್ತಾನೆ. ಅವಳು ಬಾವಿಗೆ ಬೀಳುವುದಕ್ಕೆ ವಂಚಕ ವರನೊಬ್ಬನೇ ಕಾರಣನಲ್ಲ. ಎಲ್ಲರೂ ಒಪ್ಪಿ ಬಾಳುತ್ತಿದ್ದ ಕಟ್ಟುಪಾಡೇ ಅವಳನ್ನು ಅಲ್ಲಿಗೆ ನೂಕುತ್ತದೆ.

ಇಷ್ಟು ಕಂಡವನ ಸ್ವಂತ ಬದುಕು ಅಷ್ಟೇನೂ ಚೊಕ್ಕಟವಾಗಿರಲಿಲ್ಲ. ಡೆನ್ಮಾರ್ಕಿನ ದೊರೆ ಕೊಟ್ಟ ಪ್ರವಾಸ ವೇತನದಲ್ಲಿ ಅವನು ಪ್ಯಾರಿಸ್‌ನಲ್ಲಿ ಈ ನಾಟಕವನ್ನು ಮುಗಿಸುತ್ತಿದ್ದ 1843ರಲ್ಲಿಯೇ, ಮದುವೆಯಿಲ್ಲದೆ ಎಲೀಸ್ ಹೆತ್ತ ಅವನ ಮೊದಲ ಮಗ ಹ್ಯಾಂಬರ್ಗಿನಲ್ಲಿ ತೀರಿಕೊಂಡನು. 1846ರಲ್ಲಿ ಅವನು ವಿಯೆನ್ನಾದ ನಟಿ ಕ್ರಿಸ್ಟೀನ್ ಎಂಗ್‌ಹೌಸ್‌ಳನ್ನು ಮದುವೆಯಾದನು. ಮರುವರ್ಷ ಎಲೀಸ್‌ಳ ಎರಡನೆಯ ಮಗುವೂ ಸತ್ತಾಗ ಅವಳನ್ನು ಕರೆಸಿ ತಮ್ಮ ಮನೆಯಲ್ಲಿಟ್ಟುಕೊಂಡ ಔದಾರ್ಯ ಕ್ರಿಸ್ಟೀನ್‌ಳದು.

‘ಮರಿಯಾ ಮಗ್ದಲೇನ’ದಲ್ಲಿ ಕಂಡ ವ್ಯಕ್ತಿ ಮತ್ತು ವ್ಯವಸ್ಥೆಗಳ ಘರ್ಷಣೆ ‘ಆಗ್ನೆಸ್ ಬೆರ್ನೌವರ್’ನಲ್ಲಿ (1852) ಇನ್ನಷ್ಟು ಕಠೋರವಾಗುತ್ತದೆ. ಕ್ಷೌರಿಕ ವೈದ್ಯನ ಮಗಳೊಬ್ಬಳು ಬವೇರಿಯದ ಯುವರಾಜನನ್ನು ವರಿಸಿದ್ದಕ್ಕೆ 1435ರಲ್ಲಿ ಅವಳನ್ನು ಡ್ಯಾನ್ಯೂಬ್ ನದಿಯಲ್ಲಿ ಮುಳುಗಿಸಿದ ಚಾರಿತ್ರಿಕ ಘಟನೆ ಅದರ ವಸ್ತು. ಅವಳನ್ನು ಕೊಲ್ಲಿಸಿದ ಡ್ಯೂಕ್ ಎರ್ನ್‌ಸ್ಟ್‌ನನ್ನು ಹೆಬ್ಬೆಲ್ ದುಷ್ಟನಾಗಿ ಚಿತ್ರಿಸದೆ, ಉತ್ತರಾಧಿಕಾರದ ಯುದ್ಧ ತಪ್ಪಿಸಲು ನಿರಪರಾಧಿಯನ್ನು ಬಲಿಕೊಟ್ಟು, ಕೊನೆಗೆ ತಾನೂ ಅಧಿಕಾರ ತ್ಯಜಿಸುವ ದೊರೆಯಾಗಿ ನಿಲ್ಲಿಸುತ್ತಾನೆ. 1848ರ ಕ್ರಾಂತಿಯ ಬಿಸಿ ಆರದಿದ್ದ ದಿನಗಳಲ್ಲಿ ರಾಜ್ಯದ ಪರವಾಗಿ ಇಷ್ಟು ಬಲವಾದ ವಾದ ಹೂಡಿದ್ದು ಅವನ ನಾಟಕಗಳಲ್ಲೆಲ್ಲ ಅರಗಿಸಿಕೊಳ್ಳಲು ಅತ್ಯಂತ ಕಷ್ಟವಾದ ಭಾಗ. ‘ನಿಬೆಲುಂಗೆನ್’ ನಾಟಕತ್ರಯಕ್ಕೆ ಶಿಲ್ಲರ್ ಪ್ರಶಸ್ತಿ ಬಂದ 1863ರಲ್ಲಿಯೇ, ‘ಡೆಮೆಟ್ರಿಯುಸ್’ ನಾಟಕವನ್ನು ಅಪೂರ್ಣವಾಗಿ ಬಿಟ್ಟು ಅವನು ವಿಯೆನ್ನಾದಲ್ಲಿ ನಿಧನನಾದನು.