ಸೊಳ್ಳೆಯಿಂದ ಹರಡುವ ರೋಗಗಳು, ಪಶ್ಚಿಮ ಬೆಂಗಳೂರು: ಅಪಾಯದ ಅಳತೆ ಮತ್ತು ಹತೋಟಿ

ಬೆಂಗಳೂರಿನಲ್ಲಿ ಸೊಳ್ಳೆಯಿಂದ ಹರಡುವ ರೋಗಗಳಲ್ಲಿ ಡೆಂಗಿ, ಚಿಕೂನ್‌ಗುನ್ಯ ಮತ್ತು ಮಲೇರಿಯಾ ಮುಖ್ಯವಾದವು. ಒಂದು ಬಡಾವಣೆಯಲ್ಲಿ ಸೊಳ್ಳೆ ಎಷ್ಟಿವೆ ಎಂಬುದಕ್ಕಿಂತ, ಯಾವ ಜಾತಿಯದು ಯಾವ ನೀರಿನಲ್ಲಿ ಬೆಳೆಯುತ್ತದೆ ಎಂಬುದೇ ಅಪಾಯವನ್ನು ನಿರ್ಧರಿಸುತ್ತದೆ. ವಿಜಯನಗರದ ಆರ್‌ಪಿಸಿ ಲೇಔಟ್‌ನಂಥ (ಹಂಪಿನಗರ) ಒತ್ತೊತ್ತಾಗಿ ಮನೆಗಳಿರುವ ಕಡೆ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ವಾಹಕಗಳು

ಸಂಜೆಯಾಗುತ್ತಲೇ ಮುತ್ತುವ ಸೊಳ್ಳೆ ಬಹುಪಾಲು ಕ್ಯೂಲೆಕ್ಸ್ ಕ್ವಿಂಕ್ವಿಫ್ಯಾಸಿಯೇಟಸ್. ವೃಷಭಾವತಿಗೆ ಸೇರುವ ಚರಂಡಿ, ರಾಜಕಾಲುವೆಗಳ ಕೊಳಕು ನೀರು ಅದರ ತವರು. ಅದು ಆನೆಕಾಲು ರೋಗ ಹರಡಬಲ್ಲದು, ಡೆಂಗಿಯನ್ನಲ್ಲ. ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಈಜಿಪ್ಟೈ ಹಗಲಲ್ಲಿ ಕಚ್ಚುತ್ತದೆ. ಡ್ರಮ್ಮು, ಹೂಕುಂಡದ ತಟ್ಟೆ, ಬಿಸಾಡಿದ ಟೈರುಗಳ ತಿಳಿನೀರಿನಲ್ಲಿ ಬೆಳೆಯುತ್ತದೆ. ನಲ್ಲಿ ನೀರು ದಿನ ಬಿಟ್ಟು ದಿನ ಬರುವಲ್ಲಿ ನೀರು ಹಿಡಿದಿಡುವುದು ಅನಿವಾರ್ಯವಾದ್ದರಿಂದ ಅದಕ್ಕೆ ನೆಲೆಯೂ ಸದಾ ಸಿದ್ಧ.

ಇತಿಹಾಸ

1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್, ತಮ್ಮ ಬಂಗಲೆಯ ಪಕ್ಕದ ಪೀಪಾಯಿಯಲ್ಲಿ ಸೊಳ್ಳೆಮರಿ ಕಂಡು ನೀರು ಚೆಲ್ಲಿಸಿದರು, ಕಾಟ ತಗ್ಗಿತು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಅವರು ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಹತೋಟಿಯ ದಾರಿ ಹೀಗೆ ಕಾರಣಕ್ಕಿಂತ ಮೊದಲೇ ಸಿಕ್ಕಿತ್ತು.

ನಗರ ಮಲೇರಿಯಾದ ವಾಹಕ ಅನಾಫಿಲಿಸ್ ಸ್ಟೀಫೆನ್ಸೈ. ಬಾವಿ, ಸಂಪು, ಮೇಲ್ತೊಟ್ಟಿಗಳು ಅದರ ನೆಲೆ. 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬ ಸಂಶೋಧಕರು ಈ ಜಾತಿಯಲ್ಲಿ ಎರಡು ಬಗೆ ಗುರುತಿಸಿ, ಒಂದನ್ನು ಮೈಸೂರಿನ ಹೆಸರಿನಿಂದಲೇ ‘ಮೈಸೂರೆನ್ಸಿಸ್’ ಎಂದು ಕರೆದರು. ಬೆಳೆದ ಸೊಳ್ಳೆಗಳನ್ನು ನೋಡಿ ಬೇರ್ಪಡಿಸುವುದು ಕಷ್ಟ. ಗುರುತು ಇರುವುದು ಮೊಟ್ಟೆಯಲ್ಲಿ. ಮೊಟ್ಟೆಯ ಪಕ್ಕದ ತೇಲುಚೀಲದ ಮೇಲೆ ಇನ್ನೊಂದಾದ ನಗರದ ಮೂಲಬಗೆಗೆ 14ರಿಂದ 22 ಏಣುಗಳಿದ್ದರೆ ಮೈಸೂರೆನ್ಸಿಸ್‌ಗೆ 9ರಿಂದ 15. ಎರಡರ ನಡುವಿನ ಬಗೆಯೊಂದನ್ನು 1987ರಲ್ಲಿ ಸುಬ್ಬರಾವ್ ಮತ್ತು ಸಂಗಡಿಗರು ವಿವರಿಸಿದರು. ಮೂಲಬಗೆ ಸಮರ್ಥ ವಾಹಕ. ಹಳ್ಳಿಗಾಡಿನ ಮೈಸೂರೆನ್ಸಿಸ್ ಭಾರತದಲ್ಲಿ ದುರ್ಬಲ ವಾಹಕವೆಂದೇ ಎಣಿಕೆ. 2012ರಲ್ಲಿ ಸ್ಟೀಫೆನ್ಸೈ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡು ಅಲ್ಲಿನ ನಗರಗಳಿಗೂ ಮಲೇರಿಯಾ ಭೀತಿ ತಂದ ಮೇಲೆ ಈ ಹಳೆಯ ವಿಂಗಡಣೆಗೆ ಮತ್ತೆ ಮಹತ್ವ ಬಂದಿದೆ.

ಅಪಾಯದ ಅಳತೆ

ಈಡಿಸ್ ಸಮೀಕ್ಷೆಯಲ್ಲಿ ಲಾರ್ವಾ ಸಿಕ್ಕ ಮನೆಗಳ ಶೇಕಡಾವಾರು ‘ಮನೆ ಸೂಚ್ಯಂಕ’. ನೂರು ಮನೆಗೆ ಲಾರ್ವಾ ಇರುವ ಪಾತ್ರೆಗಳ ಸಂಖ್ಯೆ ‘ಬ್ರೆಟೋ ಸೂಚ್ಯಂಕ’. ನೂರು ಮನೆ ನೋಡಿ 8ರಲ್ಲಿ ಒಟ್ಟು 12 ಪಾತ್ರೆಗಳಲ್ಲಿ ಲಾರ್ವಾ ಸಿಕ್ಕರೆ ಮೊದಲನೆಯದು 8, ಎರಡನೆಯದು 12. ಬ್ರೆಟೋ 5ಕ್ಕಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 50 ಮೀರಿದರೆ ಹೆಚ್ಚು ಎಂಬ ಮಿತಿಗಳು ಹಳದಿ ಜ್ವರದ ಅನುಭವದಿಂದ ಬಂದವು; ಡೆಂಗಿಗೆ ಅವನ್ನು ಎಚ್ಚರದಿಂದ ಅನ್ವಯಿಸಬೇಕು. ದೊಡ್ಡ ಸಂಪು, ಪುಟ್ಟ ತಟ್ಟೆ ಎರಡನ್ನೂ ಒಂದೊಂದೇ ಎಂದು ಲೆಕ್ಕ ಹಿಡಿಯುವುದು ಈ ಪದ್ಧತಿಯ ಕೊರತೆ. ಕೋಶಾವಸ್ಥೆಯ ಮರಿಗಳನ್ನು ಎಣಿಸುವ ಸಮೀಕ್ಷೆ ಇದನ್ನು ಭಾಗಶಃ ತುಂಬುತ್ತದೆ.

ಹತೋಟಿ

ಈಡಿಸ್ ಮೊಟ್ಟೆಯಿಂದ ಸೊಳ್ಳೆಯಾಗಲು ಸಾಮಾನ್ಯವಾಗಿ 7ರಿಂದ 10 ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ ಒಣಗಿಸುವುದು ರೂಢಿಯಲ್ಲಿದೆ. ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕುವುದರಿಂದ ಒಳಮೈ ಉಜ್ಜಬೇಕು. ಬರಿದು ಮಾಡಲಾಗದ ನೀರಿಗೆ ಟೆಮಿಫಾಸ್ ಎಂಬ ಲಾರ್ವಾನಾಶಕ ಅಥವಾ ಗಪ್ಪಿ, ಗಂಬೂಸಿಯಾ ಮೀನು. ಫಾಗಿಂಗ್ ಬೆಳೆದ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ಪರಿಣಾಮ ತಾತ್ಕಾಲಿಕ.

ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಪಡಿಸಿತು: ನಗರಗಳಲ್ಲಿ ಮನೆಗೆ 400 ರೂಪಾಯಿ, ವಾಣಿಜ್ಯ ಸ್ಥಳಕ್ಕೆ 1,000, ಕಟ್ಟಡ ಕಾಮಗಾರಿ ಸ್ಥಳ ಹಾಗೂ ಖಾಲಿ ನಿವೇಶನಕ್ಕೆ 2,000.